ಮೂರು ಕಂದಕಗಳ ಕೋಟೆ: ಬೀದರ್‌ನ ಏಳುಬೀಳು



ಚಳಿಗಾಲದ ರಜೆಯಲ್ಲಿ ನಮ್ಮ ಮೊಹಲ್ಲಾದ ಮದ್ರಸದ ದೊಡ್ಡ ಮಕ್ಕಳನ್ನೂ ಅವರಲ್ಲಿ ಕೆಲವರ ಹೆತ್ತವರನ್ನೂ ಕರೆದುಕೊಂಡು ನಾವು ಬೀದರ್‌ಗೆ ಹೋಗಿದ್ದೆವು. ಕೋಟೆಯ ಹೆಬ್ಬಾಗಿಲಿನತ್ತ ನಡೆಯುತ್ತಿದ್ದಾಗ ಒಬ್ಬ ಹುಡುಗ ಕಂದಕದ ಅಂಚಿನಲ್ಲಿ ಬಗ್ಗಿ ನೋಡಿ, "ಹಝ್ರತ್, ಇಲ್ಲಿರುವುದು ಒಂದು ಕಂದಕ ಅಲ್ಲ, ಮೂರು!" ಎಂದು ಕೂಗಿದ. ಹುಡುಗ ಹೇಳಿದ್ದು ನಿಜ. ಬಂಡೆಯನ್ನೇ ಕೊರೆದು ಮಾಡಿದ ಆ ಅಗಲವಾದ ಕಂದಕದ ನಡುವೆ ಕಲ್ಲಿನ ಎರಡು ಗೋಡೆಗಳನ್ನು ಹಾಗೆಯೇ ಉಳಿಸಿ, ಅದನ್ನು ಮೂರು ಕಾಲುವೆಗಳನ್ನಾಗಿ ಮಾಡಿದ್ದಾರೆ. ಒಂದನ್ನು ದಾಟಿದ ಶತ್ರು ಎರಡನೆಯದಕ್ಕೆ ಇಳಿಯಬೇಕು, ಎರಡನೆಯದನ್ನು ದಾಟಿದವನು ಮೂರನೆಯದಕ್ಕೆ. ಅದರಾಚೆ ಬುರುಜುಗಳಿರುವ ಎತ್ತರದ ಗೋಡೆ.

ಸ್ವಲ್ಪ ಹೊತ್ತು ಸುಮ್ಮನಿದ್ದ ಆ ಹುಡುಗ ಮತ್ತೆ ಕೇಳಿದ: "ಇಷ್ಟೆಲ್ಲಾ ಇದ್ದ ಮೇಲೆ ಇವರು ಸೋತದ್ದು ಹೇಗೆ?"

ಆಗ ನಾವು ಏನೋ ಒಂದು ಚಿಕ್ಕ ಉತ್ತರ ಕೊಟ್ಟು ಮುಂದೆ ನಡೆದೆವು. ಆದರೆ ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಮ್ಮ ಮನೆಗಳಲ್ಲಿ ಬಹಮನಿ ಸುಲ್ತಾನರ ಹೆಸರನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರು ಕಟ್ಟಿದ್ದನ್ನು ಹೊಗಳುತ್ತೇವೆ, ಆದರೆ ಅದು ಹೇಗೆ ಹಾಳಾಯಿತು ಎಂಬುದನ್ನು ಮಕ್ಕಳಿಗೆ ಹೇಳುವುದಿಲ್ಲ. ಅರ್ಧ ಹೇಳಿದ ಇತಿಹಾಸ ಜಂಬ ಕಲಿಸುತ್ತದೆಯೇ ಹೊರತು ಬುದ್ಧಿ ಕಲಿಸುವುದಿಲ್ಲ. ಆದ್ದರಿಂದ ಆ ಹುಡುಗನ ಪ್ರಶ್ನೆಗೆ ಇಲ್ಲಿ ಸ್ವಲ್ಪ ವಿವರವಾಗಿ ಉತ್ತರಿಸಲು ಯತ್ನಿಸುತ್ತೇವೆ.

ಕೋಟೆಗಿಂತ ಮೊದಲು

ಬೀದರ್ ನಮ್ಮ ರಾಜ್ಯದ ಈಶಾನ್ಯ ತುದಿಯಲ್ಲಿದೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲು, ಅದರ ಅಂಚಿನಲ್ಲಿ ಕೋಟೆ. ಅಂಚಿನಿಂದ ಕೆಳಗೆ ನೋಡಿದರೆ ಮಾಂಜ್ರಾ ನದಿಯ ಕಣಿವೆಯ ಹೊಲಗಳು ಕಾಣುತ್ತವೆ. ಶತ್ರು ದೂರದಲ್ಲಿರುವಾಗಲೇ ಕಣ್ಣಿಗೆ ಬೀಳುವ ಜಾಗ ಇದು.

ಆದರೆ ಎತ್ತರವೊಂದೇ ಊರನ್ನು ಬೆಳೆಸುವುದಿಲ್ಲ, ನೀರು ಬೇಕು. ಜಂಬಿಟ್ಟಿಗೆ ಕಲ್ಲಿನ ಗುಣವೆಂದರೆ ಅದರ ಮೈಯೆಲ್ಲ ರಂಧ್ರ. ಬಿದ್ದ ಮಳೆಯನ್ನು ಅದು ಹೀರಿಕೊಂಡು ಕೆಳಗಿಳಿಸುತ್ತದೆ. ಅಡಿಯಲ್ಲಿ ಗಟ್ಟಿಯಾದ ಕಪ್ಪು ಶಿಲೆ ಇರುವುದರಿಂದ ನೀರು ಅಲ್ಲಿ ತಡೆದು ನಿಂತು, ಬಯಲಿನ ಅಂಚುಗಳಲ್ಲಿ ಝರಿಗಳಾಗಿ ಹೊರಗೆ ಬರುತ್ತದೆ. ಇಂದಿಗೂ ಬೀದರ್‌ನ ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗುತ್ತಾರೆ. ಸಿಖ್ ಬಾಂಧವರ ಗುರುನಾನಕ್ ಝೀರಾದ ಹೆಸರೇ ಝರಿಯಿಂದ ಬಂದದ್ದು. ಸುಲ್ತಾನರು ಬರುವುದಕ್ಕಿಂತ ಬಹಳ ಮೊದಲೇ ಜನ ಇಲ್ಲಿ ನೆಲೆಸಿದ್ದು ಈ ನೀರಿನ ಕಾರಣಕ್ಕೆ. ಬಿದಿರಿನಿಂದ ಬೀದರ್ ಎಂಬ ಹೆಸರು ಬಂತು ಎಂದು ಹೇಳುವವರಿದ್ದಾರೆ. ನಳ ದಮಯಂತಿಯರ ವಿದರ್ಭವೇ ಇದು ಎಂಬ ಐತಿಹ್ಯವೂ ಇದೆ.

ಸಮೀಪದ ಕಲ್ಯಾಣದಲ್ಲಿ ಚಾಲುಕ್ಯರು ಆಳಿದ ಕಾಲಕ್ಕೆ ಈ ಸೀಮೆ ಅವರದಾಗಿತ್ತು. ಚಾಲುಕ್ಯರ ತರುವಾಯ ದೇವಗಿರಿಯ ಯಾದವರ ಮತ್ತು ವಾರಂಗಲ್ಲಿನ ಕಾಕತೀಯರ ರಾಜ್ಯಗಳು ಈ ಭಾಗದಲ್ಲಿ ಎದುರುಬದುರಾದವು. 1320ರ ದಶಕದ ಆರಂಭದಲ್ಲಿ, ಮುಂದೆ ಮುಹಮ್ಮದ್ ಬಿನ್ ತುಘಲಕ್ ಎಂದು ಪ್ರಸಿದ್ಧನಾದ ದೆಹಲಿಯ ರಾಜಕುಮಾರ ವಾರಂಗಲ್ ದಂಡಯಾತ್ರೆಯ ವೇಳೆ ಬೀದರನ್ನು ವಶಪಡಿಸಿಕೊಂಡ. ಆಗಲೇ ಇಲ್ಲಿ ಒಂದು ಹಳೆಯ ಕೋಟೆ ಇತ್ತು. ಇಂದು ನಾವು ನೋಡುವ ದೊಡ್ಡ ಕೋಟೆ ಅದನ್ನು ಒಳಗೊಂಡು ಬೆಳೆದದ್ದು. ಯಾವ ಕೋಟೆಯೂ ಖಾಲಿ ನೆಲದಲ್ಲಿ ಏಳುವುದಿಲ್ಲ, ಮೊದಲು ಬದುಕಿದವರ ಬುನಾದಿಯ ಮೇಲೆಯೇ ಏಳುತ್ತದೆ. ಇದನ್ನು ನಾವೂ ನೆನಪಿಡಬೇಕು, ನಮ್ಮ ನೆರೆಯವರೂ ನೆನಪಿಡಬೇಕು.

ಪ್ರಾಂತದಿಂದ ರಾಜಧಾನಿಗೆ

ದಖ್ಖನ್ನಿನ ಅಮೀರರು ದೆಹಲಿಯ ವಿರುದ್ಧ ಬಂಡೆದ್ದು 1347ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಷಾಹನನ್ನು ಸುಲ್ತಾನನನ್ನಾಗಿ ಮಾಡಿದರು. ಅವನ ರಾಜಧಾನಿ ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿ. ರಾಜ್ಯವನ್ನು ನಾಲ್ಕು ಪ್ರಾಂತಗಳನ್ನಾಗಿ ಹಂಚಿದಾಗ ಬೀದರ್ ಅವುಗಳಲ್ಲಿ ಒಂದರ ಕೇಂದ್ರವಾಯಿತು. ಮುಕ್ಕಾಲು ಶತಮಾನ ಅದು ಪ್ರಾಂತದ ಊರಾಗಿಯೇ ಇತ್ತು.

1422ರಲ್ಲಿ ಅಹ್ಮದ್ ಷಾಹ್ ಸುಲ್ತಾನನಾದ. ಕಲಬುರಗಿಯ ಪೂಜ್ಯ ಸೂಫಿ ಖ್ವಾಜಾ ಬಂದೇನವಾಝ್ ಗೇಸೂದರಾಝರಲ್ಲಿ ಅವನಿಗೆ ಬಹಳ ಭಕ್ತಿ. ಖ್ವಾಜಾರವರು ವಫಾತ್ ಆದದ್ದೂ ಅದೇ ವರ್ಷ. ಗದ್ದುಗೆಗಾಗಿ ಅಣ್ಣ ತಮ್ಮಂದಿರ ನಡುವೆ ರಕ್ತ ಹರಿದ ಊರು ಕಲಬುರಗಿ. ಜೊತೆಗೆ ಅದು ವಿಜಯನಗರದ ಗಡಿಗೆ ಹತ್ತಿರ. ಬೀದರ್ ಆದರೋ ಕನ್ನಡ, ತೆಲುಗು, ಮರಾಠಿ ಸೀಮೆಗಳು ಕೂಡುವ ಜಾಗದಲ್ಲಿತ್ತು, ಹವೆ ತಂಪು, ನೀರು ಧಾರಾಳ. ಹೊಸ ಸುಲ್ತಾನ ರಾಜಧಾನಿಯನ್ನು ಇಲ್ಲಿಗೆ ಬದಲಾಯಿಸಿ ಮುಹಮ್ಮದಾಬಾದ್ ಎಂದು ಹೆಸರಿಟ್ಟ. ಬೇಟೆನಾಯಿಯನ್ನು ಒಂದು ನರಿ ತಿರುಗಿ ಅಟ್ಟಿಸಿಕೊಂಡು ಬಂದದ್ದನ್ನು ಕಂಡು ಸುಲ್ತಾನ ಈ ಜಾಗವನ್ನು ಆರಿಸಿದ ಎಂಬ ಕತೆಯನ್ನು ಮಾರ್ಗದರ್ಶಿಗಳು ಮಕ್ಕಳಿಗೆ ಹೇಳುತ್ತಾರೆ. ಇಂಥದೇ ಕತೆ ಹಂಪಿಗೂ ಇದೆ. ಮಕ್ಕಳು ಕೇಳಿ ನಗಲಿ, ಆದರೆ ನಿಜವಾದ ಕಾರಣ ನೆಲ, ನೀರು ಮತ್ತು ದಾರಿಗಳೇ.

ಕೋಟೆಯೊಳಗಿನ ಸೋಲಾ ಖಂಬಾ ಮಸೀದಿಯ ಶಾಸನ ಹಿಜರಿ 827ರದು, ಅಂದರೆ 1423-24. ಅರಮನೆಗಳು ಮೇಲೇಳುವ ಹೊತ್ತಿಗಾಗಲೇ ಮಸೀದಿ ಸಿದ್ಧವಾಗಿತ್ತು. ಮುಂಭಾಗದ ಹದಿನಾರು ಕಂಬಗಳಿಂದ ಅದಕ್ಕೆ ಆ ಹೆಸರು ಬಂದಿದೆ. ನಂತರದ ಎಂಟು ಹತ್ತು ವರ್ಷಗಳಲ್ಲಿ ಗೋಡೆ, ಬುರುಜು, ಕಂದಕ, ಅರಮನೆಗಳು ಎದ್ದವು. ಕಂದಕದಿಂದ ತೆಗೆದ ಅದೇ ಕೆಂಪು ಕಲ್ಲು ಗೋಡೆಗೆ ಒದಗಿತು. ಈ ಕಲ್ಲು ನೆಲದಲ್ಲಿರುವಾಗ ಮೆದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಬಂಡೆಯನ್ನು ಕಡಿದ ಕೈಗಳು, ಗಾರೆ ಕಲೆಸಿದ ಕೈಗಳು ಯಾರವೆಂದು ಯಾವ ಶಾಸನವೂ ಹೇಳುವುದಿಲ್ಲ. ಅವರಲ್ಲಿ ಎಲ್ಲ ಜಾತಿ ಮತಗಳ ಬಡವರಿದ್ದರು ಎಂಬುದನ್ನು ಊಹಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ.

ತಖ್ತ್ ಮಹಲಿನ ಕಮಾನಿನ ಮೇಲೆ ಹುಲಿ ಮತ್ತು ಸೂರ್ಯನ ಲಾಂಛನವನ್ನು ಇಂದಿಗೂ ನೋಡಬಹುದು. ಬಣ್ಣದ ಹೆಂಚುಗಳ ಚೂರುಗಳು ಗೋಡೆಯಲ್ಲಿ ಅಲ್ಲಲ್ಲಿ ಉಳಿದಿವೆ. ಸಿಂಹಾಸನವಿದ್ದ ಜಾಗದಲ್ಲಿ ಈಗ ಬಿಸಿಲು, ಮಳೆ, ಪಾರಿವಾಳ.

ನೀರಿನ ಗುಪ್ತ ದಾರಿ

ಮಕ್ಕಳು ಕೋಟೆಯನ್ನು ಮೆಚ್ಚಿದರು. ನಾವು ಅದಕ್ಕಿಂತ ಹೆಚ್ಚು ಮೆಚ್ಚಿದ್ದು ಊರ ಹೊರಗೆ ನೌಬಾದ್ ಬಳಿಯಿರುವ ಕರೇಝ್. ಇರಾನಿನಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದ್ದ ಈ ವಿದ್ಯೆ ಬಹಮನಿ ಕಾಲದಲ್ಲಿ ಬೀದರ್‌ಗೆ ಬಂತು. ಅದರ ಕ್ರಮ ಹೀಗಿದೆ: ಎತ್ತರದ ಜಾಗದಲ್ಲಿ ನೀರಿನ ಸೆಲೆ ಸಿಗುವವರೆಗೆ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ ನೆಲದಡಿಯಲ್ಲಿ ಬಹಳ ಸಣ್ಣ ಇಳಿಜಾರಿನ ಸುರಂಗ ಕೊರೆಯುತ್ತಾರೆ. ನಡುನಡುವೆ ಮಣ್ಣು ಮೇಲೆತ್ತಲೂ ಗಾಳಿ ಆಡಲೂ ಬಾವಿಯಂಥ ಬಾಯಿಗಳನ್ನು ಬಿಡುತ್ತಾರೆ. ನೀರು ತಾನಾಗಿಯೇ ಹರಿದು ಕೊನೆಯಲ್ಲಿ ಬಯಲಿಗೆ ಬರುತ್ತದೆ. ಎತ್ತುವ ಶ್ರಮವಿಲ್ಲ, ಬಿಸಿಲಿಗೆ ಆವಿಯಾಗುವ ಭಯವೂ ಇಲ್ಲ. ನೌಬಾದ್‌ನ ಸುರಂಗ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಮುಚ್ಚಿ ಹೋಗಿದ್ದ ಅದರ ಹೂಳನ್ನು ಇತ್ತೀಚಿನ ವರ್ಷಗಳಲ್ಲಿ ತೆಗೆದಾಗ ಒಳಗೆ ನೀರು ಮತ್ತೆ ಹರಿಯುವುದನ್ನು ಜನ ಕಂಡರು.

ಸುಮಾರು ಆರು ಶತಮಾನ ಕಳೆದರೂ ಆ ನೀರು ದಾರಿ ತಪ್ಪಿಲ್ಲ. ಮನುಷ್ಯನು ಸತ್ತ ಮೇಲೂ ಅವನಿಗೆ ಪುಣ್ಯ ತಲುಪಿಸುವ ಕೆಲಸಗಳಲ್ಲಿ ನೀರಿನ ವ್ಯವಸ್ಥೆಯೂ ಒಂದು ಎಂದು ನಾವು ಮಿಂಬರಿನ ಮೇಲೆ ಎಷ್ಟೋ ಸಲ ಹೇಳಿದ್ದೇವೆ. ಅದರ ಅರ್ಥ ನಮಗೇ ಸರಿಯಾಗಿ ಹೊಳೆದದ್ದು ಆ ಸುರಂಗದ ಬಾಯಲ್ಲಿ ನಿಂತಾಗ.

ಬೆಳಕು ಮತ್ತು ಬಿರುಕು

ಅಹ್ಮದ್ ಷಾಹ್ ಇರಾನಿನ ಕಿರ್ಮಾನಿನ ಸೂಫಿ ಷಾಹ್ ನಿಅಮತುಲ್ಲಾಹರನ್ನು ಬೀದರ್‌ಗೆ ಆಹ್ವಾನಿಸಿದ. ಅವರು ತಾವು ಬರದೆ ಮೊಮ್ಮಗನನ್ನು ಕಳುಹಿಸಿದರು. ಅವರ ಮರಣದ ನಂತರ ಮಗ ಖಲೀಲುಲ್ಲಾಹರೂ ಇಲ್ಲಿಗೆ ಬಂದರು. ಅವರ ಸಮಾಧಿಯಾದ ಚೌಖಂಡಿ ಊರ ಹೊರಗೆ ಅಷ್ಟೂರಿನ ದಾರಿಯಲ್ಲಿದೆ. ಅದರ ಬಾಗಿಲ ಕಪ್ಪು ಕಲ್ಲಿನ ಮೇಲಿನ ಅಕ್ಷರಗಳ ಚೆಂದವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅಹ್ಮದ್ ಷಾಹನ ಗೋರಿಯೂ ಅಷ್ಟೂರಿನಲ್ಲೇ ಇದೆ. ಅವನನ್ನು ಜನ ವಲಿ ಎಂದು ಕರೆದರು. ಅಲ್ಲಿನ ಉರೂಸ್ ಹಿಂದೂ ಪಂಚಾಂಗದ ಪ್ರಕಾರ ನಡೆಯುತ್ತದೆ, ಮಾಡಿಯಾಳದಿಂದ ಬರುವ ಜಂಗಮರು ಅದರಲ್ಲಿ ಮುಖ್ಯ ಪಾತ್ರ ವಹಿಸುತ್ತಾರೆ. ಈ ಆಚರಣೆಗಳ ಕುರಿತು ಉಲಮಾಗಳಲ್ಲಿ ಭಿನ್ನ ಮಾತುಗಳಿರಬಹುದು. ಆದರೆ ಒಬ್ಬ ಅರಸನ ನೆನಪನ್ನು ಎರಡು ಸಮುದಾಯಗಳು ಇಷ್ಟು ಕಾಲ ಜಗಳವಿಲ್ಲದೆ ಹಂಚಿಕೊಂಡಿರುವುದು ಇತಿಹಾಸದ ಸತ್ಯ.

ಇರಾನ್, ಇರಾಕ್, ತುರ್ಕಿ ಸೀಮೆಗಳಿಂದ ವಿದ್ವಾಂಸರು, ಸೈನಿಕರು, ವ್ಯಾಪಾರಿಗಳು ಬೀದರ್‌ಗೆ ಹರಿದು ಬಂದರು. ಅವರನ್ನು ಆಫಾಕಿಗಳು ಎಂದರು. ಮೊದಲಿನಿಂದ ಇಲ್ಲಿದ್ದವರು ದಖ್ಖನಿಗಳು. ಹಬ್ಶಿಗಳು, ಅಂದರೆ ಆಫ್ರಿಕಾದಿಂದ ಬಂದವರು, ಬಹುಮಟ್ಟಿಗೆ ದಖ್ಖನಿಗಳ ಜೊತೆ ನಿಂತರು. ಹೊಸಬರಿಗೆ ಒಳ್ಳೆಯ ಹುದ್ದೆ ಸಿಗುತ್ತದೆ ಎಂದು ಹಳಬರಿಗೆ ಕಹಿ, ಹಳಬರು ಒರಟರು ಎಂದು ಹೊಸಬರಿಗೆ ತಾತ್ಸಾರ. ಎಲ್ಲರೂ ಒಂದೇ ಕಿಬ್ಲಾದ ಕಡೆ ಮುಖ ಮಾಡುವವರು, ಆದರೆ ದರ್ಬಾರಿನಲ್ಲಿ ಎರಡು ಸಾಲಾಗಿ ನಿಲ್ಲುವವರು! 1440ರ ದಶಕದಲ್ಲಿ ಪುಣೆಯ ಬಳಿಯ ಚಾಕಣದಲ್ಲಿ ಆಫಾಕಿಗಳ ಕಗ್ಗೊಲೆಯೇ ನಡೆಯಿತು. ಕಂದಕ ತೋಡಿ ಇನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ, ಅಷ್ಟರಲ್ಲೇ ಹೊರಗಿನ ಕಂದಕಕ್ಕಿಂತ ಆಳವಾದ ಕಂದಕ ಒಳಗೆ ಬಿದ್ದಿತ್ತು.

ಖ್ವಾಜಾ ಮಹಮೂದ್ ಗವಾನ್

ಇರಾನಿನ ಗೀಲಾನ್ ಸೀಮೆಯ ಮಹಮೂದ್ ಗವಾನ್ 1453ರ ಸುಮಾರಿಗೆ ವ್ಯಾಪಾರಿಯಾಗಿ ಬೀದರ್‌ಗೆ ಬಂದರು. ಅವರ ಪಾಂಡಿತ್ಯ ಮತ್ತು ನಡತೆ ಕಂಡು ಸುಲ್ತಾನರು ಅವರನ್ನು ಉಳಿಸಿಕೊಂಡರು. 1461ರಲ್ಲಿ ಎಂಟು ವರ್ಷದ ಬಾಲಕ ಗದ್ದುಗೆಗೆ ಬಂದಾಗ ರಾಜಮಾತೆಯೊಂದಿಗೆ ರಾಜ್ಯದ ಭಾರ ಹೊತ್ತವರಲ್ಲಿ ಗವಾನ್ ಒಬ್ಬರು. ಆ ಬಾಲಕ ಎರಡೇ ವರ್ಷಕ್ಕೆ ತೀರಿಕೊಂಡ. ಅವನ ತಮ್ಮ ಮೂರನೇ ಮುಹಮ್ಮದನ ಕಾಲದಲ್ಲಿ ಗವಾನ್ ಪ್ರಧಾನ ಮಂತ್ರಿಯಾದರು. 1472ರಲ್ಲಿ ಗೋವಾ ಬಂದರು ಬಹಮನಿಗಳ ಕೈಸೇರಿತು. ರಾಜ್ಯ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಹಬ್ಬಿತು.

ಆದರೆ ಅವರ ದೊಡ್ಡತನ ಕೇವಲ ಯುದ್ಧದಲ್ಲಿರಲಿಲ್ಲ. ಅವರು ನಾಲ್ಕು ಪ್ರಾಂತಗಳನ್ನು ಎಂಟು ಮಾಡಿದರು. ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಕೋಟೆ ಇರಬಾರದೆಂದು ನಿಯಮ ಮಾಡಿದರು. ಭೂಮಿಯನ್ನು ಅಳೆಸಿದರು. ಲೆಕ್ಕದಲ್ಲಿದ್ದಷ್ಟು ಸೈನಿಕರನ್ನು ಇಟ್ಟುಕೊಳ್ಳದ ಸರದಾರ ಅಷ್ಟು ಹಣ ಹಿಂತಿರುಗಿಸಬೇಕಾಯಿತು. ಸ್ವತಃ ಆಫಾಕಿಯಾಗಿದ್ದರೂ ಹುದ್ದೆಗಳನ್ನು ಎರಡೂ ಬಣಗಳಿಗೆ ಸಮನಾಗಿ ಹಂಚಲು ಯತ್ನಿಸಿದರು. ತಮ್ಮ ಖರ್ಚಿಗೆ ಸರಳವಾದ ಊಟ, ಮಲಗಲು ಚಾಪೆ, ಉಳಿದ ಹಣ ಬಡವರಿಗೆ ಎಂದು ಅವರ ಬಗ್ಗೆ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

1472ರಲ್ಲೇ ಅವರು ಕೋಟೆಯ ಹೊರಗೆ, ಊರಿನ ನಡುವೆ ಒಂದು ಮದ್ರಸ ಕಟ್ಟಿಸಿದರು. ಉದ್ದ ಸುಮಾರು 205 ಅಡಿ, ಅಗಲ 180 ಅಡಿ, ಮೂರು ಅಂತಸ್ತು. ವಿದ್ಯಾರ್ಥಿಗಳಿಗೆ ಕೋಣೆಗಳು, ಉಸ್ತಾದರಿಗೆ ವಸತಿ, ಮಸೀದಿ, ಪಾಠದ ಹಜಾರಗಳು, ಸುಮಾರು ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ. ನೀಲಿ, ಹಳದಿ, ಹಸಿರು, ಬಿಳಿ ಹೆಂಚುಗಳಿಂದ ಹೊದಿಸಿದ ಅದರ ಗೋಡೆ ದೂರದಿಂದಲೇ ಹೊಳೆಯುತ್ತಿತ್ತಂತೆ. ನಮ್ಮ ಮದ್ರಸದ ಮಕ್ಕಳು ಒಂದು ಕೋಣೆಯೊಳಗೆ ಕುಳಿತು, "ಐದು ನೂರು ವರ್ಷದ ಹಿಂದೆ ಇಲ್ಲಿ ಕುಳಿತವನೂ ನಮ್ಮ ಹಾಗೆ ಪಾಠ ಒಪ್ಪಿಸುತ್ತಿದ್ದನಾ?" ಎಂದು ಕೇಳಿದರು. ಆ ಪ್ರಶ್ನೆಗೆ ಮಾತ್ರ ನಾವು ತಕ್ಷಣ ಹೌದು ಎಂದೆವು.

ಈ ವೈಭವದ ಇನ್ನೊಂದು ಮುಖವನ್ನೂ ಹೇಳಬೇಕು. ಇದೇ ಕಾಲದಲ್ಲಿ ಬೀದರ್‌ಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಸುಲ್ತಾನನ ಅರಮನೆಯ ಏಳು ಬಾಗಿಲುಗಳನ್ನೂ, ಪ್ರತಿ ಬಾಗಿಲಲ್ಲಿ ಬಂದು ಹೋಗುವವರ ಹೆಸರು ಬರೆದುಕೊಳ್ಳುವ ಕಾವಲುಗಾರರನ್ನೂ ವರ್ಣಿಸಿದ್ದಾನೆ. ಅಮೀರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಸಾಗುವುದನ್ನೂ, ಹಳ್ಳಿಯ ಜನ ಕಡುಬಡತನದಲ್ಲಿ ಇರುವುದನ್ನೂ ಅವನು ಕಂಡ. ಪರದೇಶಿಯೊಬ್ಬ ಕೆಲವು ತಿಂಗಳಲ್ಲಿ ಕಂಡದ್ದು ಏಳು ಬಾಗಿಲುಗಳ ಒಳಗಿದ್ದವರಿಗೆ ಕಾಣಲಿಲ್ಲ.

ಒಂದು ಮೊಹರು, ಒಂದು ಪತ್ರ

ಸುಧಾರಣೆಯಿಂದ ಯಾರ ಕೈ ಕಟ್ಟಿತೋ ಅವರು ಸುಮ್ಮನಿರಲಿಲ್ಲ. ದಖ್ಖನಿ ಬಣದ ಮುಖಂಡ ಮಲಿಕ್ ಹಸನ್ ಮತ್ತು ಅವನ ಸಂಗಡಿಗರು ಗವಾನರ ಮೊಹರು ಕಾಯುವವನನ್ನು ಕುಡಿತ ಮತ್ತು ಉಡುಗೊರೆಗಳಿಂದ ಒಲಿಸಿಕೊಂಡರು. ಒಂದು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ನಂತರ ಅದರ ಮೇಲೆ ಗವಾನರೇ ಒಡಿಶಾದ ರಾಜನಿಗೆ ಬರೆದಂತೆ ಪತ್ರ ಸೃಷ್ಟಿಸಿದರು: ಸುಲ್ತಾನ ಕುಡುಕ, ನೀನು ದಂಡೆತ್ತಿ ಬಾ, ರಾಜ್ಯ ಹಂಚಿಕೊಳ್ಳೋಣ ಎಂಬ ಅರ್ಥದಲ್ಲಿ.

ತೆಲುಗು ಸೀಮೆಯ ದಂಡಯಾತ್ರೆಯ ಬಿಡಾರದಲ್ಲಿ ಪತ್ರ ಸುಲ್ತಾನನ ಕೈ ಸೇರಿತು. ಅವನು ಅಮಲಿನಲ್ಲಿದ್ದ. ಗವಾನರನ್ನು ಕರೆಸಿದ. ಹೋಗಬೇಡಿ, ಕುದುರೆ ಸಿದ್ಧವಿದೆ, ಗುಜರಾತಿಗೆ ಹೊರಡಿ ಎಂದು ಹಿತೈಷಿಗಳು ಹೇಳಿದರೂ ಆ ಎಪ್ಪತ್ತರ ವೃದ್ಧ ಒಪ್ಪಲಿಲ್ಲ. ಸುಲ್ತಾನ ಪತ್ರ ತೋರಿಸಿದಾಗ, ಮೊಹರು ತಮ್ಮದೇ, ಪತ್ರ ತಮ್ಮದಲ್ಲ ಎಂದಷ್ಟೇ ಅವರು ಹೇಳಿದರು. ಪತ್ರ ತಂದವನು ಯಾರು, ಬರೆದ ಕೈ ಯಾರದು, ಯಾವಾಗ ಬರೆದದ್ದು, ಇಂಥ ಒಂದು ಪ್ರಶ್ನೆಯನ್ನೂ ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಅಲ್ಲಿಯೇ ಅವರ ತಲೆ ಕಡಿಯಲಾಯಿತು.

ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಹೆಜ್ಜೆ ಇಟ್ಟರೆ ಅಮಾಯಕರಿಗೆ ಹಾನಿ ಮಾಡಿ ಮತ್ತೆ ಪಶ್ಚಾತ್ತಾಪ ಪಡುವಿರಿ ಎಂಬ ಎಚ್ಚರಿಕೆ ಪವಿತ್ರ ಕುರ್‌ಆನಿನ ಸೂರಃ ಹುಜುರಾತ್‌ನಲ್ಲಿದೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಗವಾನರ ಮದ್ರಸದ ಗೋಡೆಯ ಮೇಲೆ ಕುರ್‌ಆನಿನ ಅಕ್ಷರಗಳಿದ್ದವು. ಅರಮನೆಯ ಮನಸ್ಸಿನಲ್ಲಿ ಅವು ಇಳಿದಿರಲಿಲ್ಲ.

ಸುಲ್ತಾನನಿಗೆ ನಿಜ ತಿಳಿಯಿತು, ಆದರೆ ತಡವಾಗಿ. ಗವಾನರ ಮನೆಯಲ್ಲಿ ಹುಡುಕಿಸಿದಾಗ ಸಂಪತ್ತು ಸಿಗಲಿಲ್ಲ. ದೊಡ್ಡ ಸರದಾರರು ತಮ್ಮ ಸೈನ್ಯವನ್ನು ಸುಲ್ತಾನನ ಬಿಡಾರದಿಂದ ದೂರ ಇಟ್ಟುಕೊಂಡರು. ಇಂಥವರನ್ನೇ ಉಳಿಸದವನು ನಮ್ಮನ್ನು ಉಳಿಸುವನೇ ಎಂಬುದು ಅವರ ಭಯ. ಒಂದು ವರ್ಷ ತುಂಬುವ ಮೊದಲೇ, 1482ರ ಮಾರ್ಚಿನಲ್ಲಿ, ಸುಲ್ತಾನ ಸತ್ತ. ಅಷ್ಟೂರಿನಲ್ಲಿ ಅವನ ಗೋರಿಯ ಕಟ್ಟಡ ಅರ್ಧಕ್ಕೇ ನಿಂತಿದೆ. ಮಲಿಕ್ ಹಸನ್ ಕೂಡ ಕೆಲವೇ ವರ್ಷಗಳಲ್ಲಿ ಬೀದರ್‌ನಲ್ಲಿಯೇ ಕೊಲೆಯಾದ.

ಒಡೆದ ಮನೆ

ಮುಂದಿನ ಸುಲ್ತಾನ ಮಹಮೂದ್ ಷಾಹ್ ಹನ್ನೆರಡು ವರ್ಷದ ಹುಡುಗ. 1487ರಲ್ಲಿ ಸಂಚುಗಾರರು ಕೋಟೆಯೊಳಗೇ, ಅರಮನೆಯಲ್ಲೇ ಅವನ ಮೇಲೆ ಬಿದ್ದರು. ಅವನು ಹೇಗೋ ಬದುಕಿ ಉಳಿದ. ಗಮನಿಸಿ ಓದುಗರೇ, ಆ ರಾತ್ರಿ ಮೂರು ಕಂದಕಗಳೂ ಹಾಗೆಯೇ ಇದ್ದವು, ಬಾಗಿಲುಗಳೂ ಭದ್ರವಾಗಿದ್ದವು. ಕತ್ತಿ ಹಿಡಿದವರು ಒಳಗಿನವರಾಗಿದ್ದರು.

1490ರ ಸುಮಾರಿಗೆ ಬಿಜಾಪುರ, ಅಹ್ಮದ್‌ನಗರ, ಬೇರಾರ್‌ಗಳ ಅಧಿಕಾರಿಗಳು ತಾವೇ ಒಡೆಯರಾದರು, ಮುಂದೆ ಗೋಲ್ಕೊಂಡವೂ ಕೈತಪ್ಪಿತು. ಬೀದರ್‌ನಲ್ಲಿ ಖಾಸಿಂ ಬರೀದ್, ಅವನ ನಂತರ ಮಗ ಅಮೀರ್ ಬರೀದ್ ಮಂತ್ರಿಗಳೆಂಬ ಹೆಸರಿನಲ್ಲಿ ಆಳಿದರು. ಸುಲ್ತಾನರು ತಮ್ಮದೇ ಕೋಟೆಯಲ್ಲಿ ಸೆರೆಯಾಳುಗಳಂತೆ ಬದುಕಿದರು. ಹುಲಿಯ ಶಿಲ್ಪಗಳಿರುವ ಶರ್ಝಾ ದರ್ವಾಝಾ 1503ರದು, ಮಹಮೂದ್ ಷಾಹನ ಕಾಲದ್ದು. ಬಾಗಿಲ ಮೇಲೆ ಹುಲಿ ಕೆತ್ತಿಸಿದ ಅರಸನಿಗೆ ಬಾಗಿಲು ದಾಟಿ ಸ್ವತಂತ್ರವಾಗಿ ಹೋಗುವ ಶಕ್ತಿ ಇರಲಿಲ್ಲ. ಕೊನೆಯ ಬಹಮನಿ ಸುಲ್ತಾನ ಕಲೀಮುಲ್ಲಾಹ್ 1527ರ ಸುಮಾರಿಗೆ ಬೀದರ್‌ನಿಂದ ತಪ್ಪಿಸಿಕೊಂಡು ಹೋಗಿ, ಅಹ್ಮದ್‌ನಗರದಲ್ಲಿ ಕಣ್ಮುಚ್ಚಿದ. ಅಷ್ಟೂರಿನ ಗೋರಿಗಳ ಸಾಲಿನಲ್ಲಿ ನಡೆದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಮೊದಲಿನವು ಬೃಹತ್ ಗುಮ್ಮಟಗಳು, ಕೊನೆಕೊನೆಯವು ಸಣ್ಣ ಕೋಣೆಗಳಷ್ಟೇ.

ಬರೀದ್ ಷಾಹಿಗಳ ಕಾಲದಲ್ಲಿ ಕೋಟೆಗೆ ಇನ್ನೊಮ್ಮೆ ಸಣ್ಣ ಬೆಳಕು ಬಂತು. ಅಲೀ ಬರೀದ್ ರಂಗೀನ್ ಮಹಲನ್ನು ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನಿಂದಲೂ ಕೆತ್ತಿದ ಮರದಿಂದಲೂ ಸಿಂಗರಿಸಿದ. ಊರಿನ ಸುತ್ತಲಿನ ಗೋಡೆ, ಬುರುಜುಗಳ ಮೇಲಿನ ಭಾರೀ ತೋಪುಗಳು ಈ ವಂಶದ ಕಾಲದವು. ಆದರೆ ರಾಜ್ಯ ಕಿರಿದಾಗುತ್ತಲೇ ಹೋಯಿತು. 1619ರಲ್ಲಿ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಷಾಹ್ ಬೀದರನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. 1657ರಲ್ಲಿ ಮೊಗಲ್ ರಾಜಕುಮಾರ ಔರಂಗಝೇಬ್ ಮುತ್ತಿಗೆ ಹಾಕಿದ. ಕೋಟೆಯ ರಕ್ಷಕ ವೃದ್ಧ ಸಿದ್ದಿ ಮರ್ಜಾನ್ ವೀರಾವೇಶದಿಂದ ಕಾದಿದ. ಆದರೆ ಒಂದು ಬುರುಜಿನ ಬಳಿ ಮದ್ದಿನ ರಾಶಿಗೆ ಬೆಂಕಿ ತಗುಲಿ ಅವನೇ ಸುಟ್ಟುಹೋದ, ಪ್ರಾಣ ಹೋಗುವ ಮೊದಲು ಬೀಗದ ಕೈಗಳನ್ನು ಮಕ್ಕಳ ಮೂಲಕ ಕಳುಹಿಸಿಕೊಟ್ಟ. ಇಪ್ಪತ್ತೇಳು ದಿನಗಳಲ್ಲಿ ಎಲ್ಲ ಮುಗಿಯಿತು.

ಮುತ್ತಿಗೆಯ ಎರಡು ಕಡೆಯಲ್ಲೂ ಅಝಾನ್ ಕೇಳುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಸುತ್ತೇವೆ. ಆ ಕಾಲದ ಯುದ್ಧಗಳನ್ನು ಧರ್ಮಗಳ ಯುದ್ಧವೆಂದು ಹೇಳುವವರಿಗೆ ಬೀದರ್ ಕೋಟೆಯೇ ಉತ್ತರ. ಅವು ಗದ್ದುಗೆಯ ಯುದ್ಧಗಳಾಗಿದ್ದವು.

ಗವಾನರ ಮದ್ರಸ ಸೈನಿಕರ ವಸತಿಯಾಯಿತು, ಮದ್ದಿನ ಉಗ್ರಾಣವಾಯಿತು. ಹದಿನೇಳನೇ ಶತಮಾನದ ಕೊನೆಯಲ್ಲಿ ಆ ಮದ್ದು ಸಿಡಿದು ಕಟ್ಟಡದ ಮುಂಭಾಗ ಮತ್ತು ಒಂದು ಮಿನಾರ್ ನೆಲಕ್ಕುರುಳಿದವು. ಪುಸ್ತಕ ಇದ್ದ ಕಡೆ ಮದ್ದು ಇಟ್ಟರೆ ಆಗುವುದು ಇದೇ. 1724ರ ನಂತರ ಬೀದರ್ ಹೈದರಾಬಾದ್ ನಿಝಾಮರ ಒಂದು ಜಿಲ್ಲಾ ಊರಾಗಿ ಉಳಿಯಿತು. 1956ರಲ್ಲಿ ಕನ್ನಡ ನಾಡಿನ ಭಾಗವಾಯಿತು.

ಉಳಿದದ್ದು ಏನು?

ಕೋಟೆ ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹಮಾಮ್ ಇದ್ದ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ಊರಿನ ಬಿದ್ರಿ ಕುಶಲಕರ್ಮಿಗಳು ಸತುವಿನ ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಹಳೆಯ ಕೋಟೆಯ ಮಣ್ಣನ್ನೇ ಬಳಸುತ್ತಾರೆ. ಅರಸರು ಹೋದರು, ಮಣ್ಣು ಮಾತ್ರ ಇನ್ನೂ ಬಡವನಿಗೆ ಅನ್ನ ಕೊಡುತ್ತಿದೆ. ಅದೇ ಗೋಡೆಗಳ ಮೇಲೆ ನಮ್ಮ ಹುಡುಗರೂ ಬೇರೆ ಹುಡುಗರೂ ತಮ್ಮ ಹೆಸರು ಕೆತ್ತಿರುವುದನ್ನು ಕಂಡು ನಮಗೆ ನಾಚಿಕೆಯಾಯಿತು. ಪೂರ್ವಜರ ಹೆಮ್ಮೆ ಹೇಳುವ ಮೊದಲು ಅವರ ಗೋಡೆಯನ್ನು ಕೆಡಿಸದಿರಲು ಕಲಿಯಬೇಕು.

ಈಗ ಒಂದು ಮಾತು ನಮ್ಮ ಬಗ್ಗೆಯೇ. ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಜಮಾಅತಿನಲ್ಲಿ ಖಜಾಂಚಿಯ ವಿರುದ್ಧ ಸಹಿಯಿಲ್ಲದ ಒಂದು ಕಾಗದ ಫೋನಿನಿಂದ ಫೋನಿಗೆ ಹರಿದಾಡಿತು. ಅವರು ಆ ಊರಿಗೆ ಹೊರಗಿನಿಂದ ಬಂದು ನೆಲೆಸಿದವರು. ಕಾಗದ ನಮಗೂ ಬಂತು. ಅವರನ್ನು ಕರೆದು ಕೇಳಬೇಕಿತ್ತು, ಮಿಂಬರಿನಿಂದ ಒಂದು ಮಾತು ಹೇಳಬೇಕಿತ್ತು. ಗುಂಪಿನ ಭಯದಿಂದ ಸುಮ್ಮನಿದ್ದೆವು. ಅವರು ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ನಂತರ ಪರಿಶೀಲಿಸಿದಾಗ ಲೆಕ್ಕ ಸರಿಯಾಗಿತ್ತು. ನಾವು ಮನೆಗೆ ಹೋಗಿ ಮಾಫಿ ಕೇಳಿದೆವು, ಅವರು ಚಹಾ ಕೊಟ್ಟು ಕಳುಹಿಸಿದರು, ಆದರೆ ಮತ್ತೆ ಆ ಮಸೀದಿಯ ಮೊದಲ ಸಫ್‌ನಲ್ಲಿ ಅವರನ್ನು ನಾವು ಕಾಣಲಿಲ್ಲ. ಬೀದರ್‌ನ ಬಳಿ ಗೋರ್ನಳ್ಳಿಯಲ್ಲಿ ಗವಾನರ ಸರಳವಾದ ಗೋರಿಯ ಮುಂದೆ ಫಾತಿಹಾ ಓದುವಾಗ ನಮ್ಮ ಕಣ್ಣ ಮುಂದೆ ಬಂದದ್ದು ಆ ಮನುಷ್ಯನ ಮುಖ.

ಆದ್ದರಿಂದ ಕಂದಕದ ಅಂಚಿನಲ್ಲಿ ನಿಂತು ಕೇಳಿದ ಹುಡುಗನಿಗೆ ನಮ್ಮ ಉತ್ತರ ಇಷ್ಟು: ಮಗೂ, ಆ ಕೋಟೆಯನ್ನು ಹೊರಗಿನವರು ಗೆಲ್ಲುವ ಎಷ್ಟೋ ಮೊದಲು ಒಳಗಿನವರು ಸೋತಿದ್ದರು. ಇವನು ನಮ್ಮವ, ಅವನು ಹೊರಗಿನವ ಎಂದು ಸಾಲು ಬೇರೆ ಮಾಡಿಕೊಂಡಾಗ ಮೊದಲ ಸಲ ಸೋತರು. ಹಳ್ಳಿಯ ಬಡವನನ್ನು ಮರೆತಾಗ ಎರಡನೇ ಸಲ. ಒಂದು ಪತ್ರವನ್ನು ವಿಚಾರಿಸದೆ ನಂಬಿದಾಗ ಮೂರನೇ ಸಲ. ನಿನ್ನ ಫೋನಿಗೆ ಯಾರ ಬಗ್ಗೆಯಾದರೂ ಒಂದು ಮಾತು ಬಂದಾಗ, ಮುಂದಕ್ಕೆ ಕಳುಹಿಸುವ ಮೊದಲು ಆ ಮೊಹರನ್ನು ನೆನಪಿಸಿಕೋ.

ಅಲ್ಲಾಹನು ನಮ್ಮ ನಾಲಿಗೆ ಮತ್ತು ಕೈಗಳನ್ನು ಅಮಾಯಕರ ಅನ್ಯಾಯದಿಂದ ಕಾಪಾಡಲಿ. ಕೋಟೆ ಕಟ್ಟುವ ಶಕ್ತಿ ಇಲ್ಲದಿದ್ದರೂ, ಬಾಯಾರಿದವರಿಗೆ ನೀರು, ಮಕ್ಕಳಿಗೆ ವಿದ್ಯೆ ಕೊಡುವ ತೌಫೀಕ್ ನಮಗೆಲ್ಲ ದಯಪಾಲಿಸಲಿ. ಆಮೀನ್.